ಕೆಂಪಿಗೆ ಕೆಂಪು

ಆಳಂದ
11 ನವೆಂಬರ್ 1984

ಗೌಸ್,

ಆದರೂ ಒಂದೇ ಒಂದು ಕೆಪಾಸಿಟರ್ ಸಾಕಾಗಿತ್ತು ಎನ್ನುವುದೇ ನನ್ನ ಮಾತು. ಅವತ್ತೂ ಅದೇ, ಇವತ್ತೂ ಅದೇ. ಹದಿನಾಲ್ಕು ತಿಂಗಳು ಮಾತು ಬಿಟ್ಟವನು ನಿನ್ನೆ ಅರ್ಧಕ್ಕೆ ಬಿಟ್ಟ ಮಾತಿನ ಹಾಗೆ ಇದನ್ನು ಎತ್ತಿಕೊಂಡನಲ್ಲ ಎಂದು ನೀನು ಅಂದುಕೊಳ್ಳಬಹುದು. ನನ್ನ ಪಾಲಿಗೆ ಅದು ನಿಂತೇ ಇಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ ಶುರುವಾದರೆ ಅಂಗಡಿಯ ಬಾಗಿಲು ಹಾಕುವ ತನಕ ನಿನ್ನ ಜೊತೆ ವಾದ ಮಾಡುತ್ತಲೇ ಇರುತ್ತೇನೆ. ನೀನು ಅಫಜಲಪುರದಲ್ಲಿ ಪಂಪಿನ ಮೋಟಾರುಗಳಿಗೆ ತಂತಿ ಸುತ್ತುತ್ತ ಕೂತಿರುತ್ತೀ, ಉತ್ತರ ಕೊಡುವುದಿಲ್ಲ. ಹೀಗಾಗಿ ಗೆಲ್ಲುವವನು ನಾನೇ.

ವಿಷಯಕ್ಕೆ ಬರುತ್ತೇನೆ. ಬರುವ ಮೇ ತಿಂಗಳಿಗೆ ನನ್ನ ಮನೆಯವಳು ಗುರಮ್ಮ ಹೋಗಿ ವರ್ಷ. ಅವಳ ತಂಗಿ ಮಲ್ಕಮ್ಮ ಜೇವರ್ಗಿಯ ತನ್ನ ಮನೆಯ ಮುಂದೆ ಚಪ್ಪರ ಹಾಕಿಸಿ ಸ್ಮರಣೆ ಮಾಡುತ್ತಾಳಂತೆ. ಅಕ್ಕ ಹಾಡುತ್ತಿದ್ದ ವಚನಗಳನ್ನೇ ಹಾಡುತ್ತಾಳಂತೆ. ಅದೂ ನಮ್ಮ ಆ ಎರಡು ದೊಡ್ಡ ಸ್ಪೀಕರ್ ಪೆಟ್ಟಿಗೆಗಳಲ್ಲೇ ಆಗಬೇಕಂತೆ, ಬೇರೆಯವರ ಸಾಮಾನು ಬೇಡವಂತೆ. "ಅಕ್ಕನ ದನಿ ಎಲ್ಲಿ ಕೆಟ್ಟಿತೋ ಅಲ್ಲೇ ನಾ ಹಾಡಾಕಿ, ಮಾಮಾ" ಎಂದಳು. ಅವಳ ಬಾಯಿ ನಿನಗೆ ಗೊತ್ತೇ ಇದೆ.

ಆ ಪೆಟ್ಟಿಗೆಗಳು ಮಾದನಹಿಪ್ಪರಗಾದಿಂದ ಬಂದ ದಿನ ಅಂಗಡಿಯ ಹಿಂದಿನ ಕೋಣೆ ಸೇರಿದ್ದು, ಮೇಲೆ ಹೊದಿಸಿದ ತಾಡಪತ್ರಿಯನ್ನು ನಾನು ಇವತ್ತಿಗೂ ಎತ್ತಿಲ್ಲ. ಈಗ ಎತ್ತಬೇಕು. ಎತ್ತಿದ ಮೇಲೆ ಮೊದಲ ಕೆಲಸ, ನಿನ್ನ ಕ್ರಾಸೋವರ್ ಡಬ್ಬಿಗಳನ್ನು ಕಿತ್ತು ತಿಪ್ಪೆಗೆ ಎಸೆಯುವುದು. ದನಿಯನ್ನು ಎರಡು ಪಾಲು ಮಾಡಿ, ದಪ್ಪದ್ದನ್ನು ಕೆಳಗಿನ ಸ್ಪೀಕರಿಗೂ ಸಣ್ಣದನ್ನು ಮೇಲಿನ ಕಹಳೆಬಾಯಿಯ ಭೋಂಗಾಕ್ಕೂ ಕಳಿಸುವುದಕ್ಕೆ ಎಷ್ಟು ಸಾಮಾನು ಬೇಕು? ಭೋಂಗಾದ ತಂತಿಯಲ್ಲಿ ಒಂದು ಕೆಪಾಸಿಟರ್. ಮುಗಿಯಿತು. ನೀನು ಗುಲಬರ್ಗಾದ ಯಾವುದೋ ಟಾಕೀಸಿನಲ್ಲಿ ಪರದೆಯ ಹಿಂದೆ ಹೋಗಿ ಅದೇನು ನೋಡಿ ಬಂದೆಯೋ, ಎರಡು ತಾಮ್ರದ ಸುರುಳಿ, ಎರಡು ಕೆಪಾಸಿಟರ್, ಮೇಲೆ ರೆಸಿಸ್ಟರಿನ ಜೋಡಿ. ಮದುವೆಯಾದ ಹೊಸ ಸೊಸೆಗೂ ಅಷ್ಟು ಸಾಮಾನು ಹೇರುವುದಿಲ್ಲ. ನಮ್ಮ ಕಾಲೇಜಿನ ಫಿಜಿಕ್ಸ್ ಲೆಕ್ಚರರ್ ಒಬ್ಬರು ಹೇಳುತ್ತಿದ್ದರು, "ನೇಚರ್ ಆಲ್ವೇಸ್ ಪ್ರಿಫರ್ಸ್ ದಿ ಸಿಂಪಲ್" ಎಂದು. ಅದರ ಮುಂದೆ ಇನ್ನೂ ಏನೋ ಇತ್ತು. ಮರೆತಿದ್ದೇನೆ. ಇದ್ದಷ್ಟೇ ಸಾಕು.

ಆ ಸಂಜೆ ನೀನು ಹಿಂದೆ ಕೂತಿದ್ದೆ, ನಿನಗೆ ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ. ಮಾದನಹಿಪ್ಪರಗಾದಲ್ಲಿ ಶ್ರಾವಣದ ಪುರಾಣ ಮುಗಿಯುವ ದಿನ. ಸ್ವಾಮಿಗಳ ಪ್ರವಚನ ಊರ ಹೊರಗಿನ ಹೊಲದ ತನಕ ಗಂಟೆ ಹೊಡೆದ ಹಾಗೆ ಕೇಳಿತು. ಆಮೇಲೆ ಗುರಮ್ಮ ಕೂತಳು. ಅವಳ ದನಿ ಬಾವಿಯೊಳಗಿಂದ ಬಂದಂತೆ ಬಂತು. ಬಾಯಿ ತೆರೆಯುವುದು ಕಾಣುತ್ತಿದೆ, ದನಿಯ ನಡು ಇಲ್ಲ. ತುದಿಯಲ್ಲಿ ಒಂದಿಷ್ಟು ಸುಯ್ ಎನ್ನುವುದು, ಬುಡದಲ್ಲಿ ಒಂದಿಷ್ಟು ಗುಂಯ್ ಎನ್ನುವುದು. ಹಿಂದಿನಿಂದ ಯಾವನೋ, "ತಾಯಿಗೆ ಮೈಯಾಗ ಆರಾಮಿಲ್ಲೇನ್ರಿ?" ಎಂದು ಕೂಗಿದ. ಜನ ನಕ್ಕರು. ಎರಡನೇ ವಚನಕ್ಕೆ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ಇಳಿದುಬಿಟ್ಟಳು. ಇಪ್ಪತ್ತೆರಡು ವರ್ಷ ಈ ತಾಲೂಕಿನಲ್ಲಿ ಹಾಡಿದವಳು ಮತ್ತೆ ಮೈಕಿನ ಮುಂದೆ ಕೂರಲಿಲ್ಲ. ಎಂಟು ತಿಂಗಳಿಗೆ ಹೋದಳು. ನೀನು ಅವಳನ್ನು ಕೊಂದೆ ಎನ್ನುವುದಿಲ್ಲ, ಡಾಕ್ಟರ್ ಹೇಳಿದ ಕಾಯಿಲೆ ಬೇರೆ. ಅವಳ ಹಾಡನ್ನು ಮಾತ್ರ ನಿನ್ನ ಸುರುಳಿಗಳೇ ತಿಂದವು.

ಪೆಟ್ಟಿಗೆಗಳಲ್ಲಿ ಅರ್ಧ ನಿನ್ನ ಪಾಲು, ಅದಕ್ಕೆ ತಿಳಿಸುತ್ತಿದ್ದೇನೆ. ಅನುಮತಿ ಕೇಳುತ್ತಿಲ್ಲ.

ಇನ್ನೂ ಸಿಟ್ಟಿನಲ್ಲಿರುವ
ಶಾಂತಲಿಂಗಪ್ಪ


ಅಫಜಲಪುರ
24 ನವೆಂಬರ್ 1984

ಶಾಂತಣ್ಣನವರಿಗೆ ಗೌಸಮೊಹಿದ್ದೀನನ ಸಲಾಂ.

ಪತ್ರ ಮುಟ್ಟಿತು. ನನ್ನ ಕನ್ನಡ ಅಕ್ಷರ ನೀವೇ ತಿದ್ದಿದವು, ತಪ್ಪಿದ್ದರೆ ಈಗಲೂ ತಿದ್ದಿಕೊಂಡು ಓದಿರಿ.

ಒಂದೇ ಕೆಪಾಸಿಟರಿನಲ್ಲಿ ನಾವು ಎಷ್ಟು ಭೋಂಗಾ ಸುಟ್ಟೆವು ಎಂಬುದು ನಿಮಗೆ ನೆನಪಿಲ್ಲವೇ? ಎಪ್ಪತ್ತೊಂಬತ್ತನೇ ಇಸವಿ ಒಂದರಲ್ಲೇ ಆರು ಪೊರೆ ಹರಿದವು. ಭೋಂಗಾದ ಒಳಗಿನ ಪೊರೆ ಈರುಳ್ಳಿ ಸಿಪ್ಪೆಯಷ್ಟು ತೆಳುವು. ಡೋಲಕ್ಕಿನ ಪೆಟ್ಟು ಅದರ ಮೇಲೆ ಬೀಳಬಾರದು. ಒಂದು ಕೆಪಾಸಿಟರ್ ಎಂದರೆ ಬಾಗಿಲಿಗೆ ಕಟ್ಟಿದ ಪರದೆ, ದಪ್ಪ ದನಿ ಅದನ್ನು ಸರಿಸಿಕೊಂಡು ಒಳಗೆ ಬರುತ್ತದೆ. ಸುರುಳಿಯನ್ನೂ ಸೇರಿಸಿದರೆ ಅದು ಕದ. ನಾನು ಕದ ಮಾಡಿದೆ, ಅಷ್ಟೇ.

ನಿಮ್ಮ ಮಾತಿನಲ್ಲಿಯೂ ನಿಜವಿದೆ. ನೂರು ಜನ ಕೂತಿದ್ದಾರೆ, ಒಬ್ಬರೇ ಹಾಡುತ್ತಾರೆ, ಏಕತಾರಿ ಬಿಟ್ಟರೆ ಬೇರೇನಿಲ್ಲ ಎಂದಾದರೆ ನಿಮ್ಮ ಒಂದು ಕೆಪಾಸಿಟರೇ ಚೆಂದ. ಎರಡು ಸಾವಿರ ಜನಕ್ಕೆ ಅದು ಸಾಲದು.

ಒಂದು ಮಾತು ಕೇಳುತ್ತೇನೆ, ಸಿಟ್ಟು ಮಾಡಬೇಡಿರಿ. ಆ ವಾರ ಅಮ್ಮೀಜಾನಳಿಗೆ ಹುಷಾರಿಲ್ಲ ಎಂದು ನಾನು ಇಲ್ಲಿಗೆ ಬಂದೆ. ಡಬ್ಬಿಗಳನ್ನೂ ತಂತಿ ಜೋಡಣೆಯ ಚಿತ್ರವನ್ನೂ ನಿಮ್ಮ ಕೈಗೆ ಕೊಟ್ಟು ಬಂದಿದ್ದೆ. ಪೆಟ್ಟಿಗೆಯೊಳಗೆ ಜೋಡಿಸಿದವರು ನೀವು. ಭೋಂಗಾದ ತಂತಿಗಳನ್ನು ಚಿತ್ರದಲ್ಲಿದ್ದ ಹಾಗೇ ಜೋಡಿಸಿದಿರಾ?

ನಿಮ್ಮ
ಗೌಸಮೊಹಿದ್ದೀನ


ಆಳಂದ
3 ಡಿಸೆಂಬರ್ 1984

ಗೌಸ್,

ಜೋಡಿಸಿದಿರಾ ಎಂದು ನನ್ನನ್ನು ಕೇಳುತ್ತೀ. ನನ್ನನ್ನು. ನೀನು ಜಿಡಗಾದಲ್ಲಿ ಕಂಬ ಹತ್ತಿ ಭೋಂಗಾ ಕಟ್ಟಲು ಹೆದರಿ ಕೆಳಗೆ ನಿಂತು ಹಗ್ಗ ಹಿಡಿಯುತ್ತಿದ್ದಾಗ ಮೇಲೆ ಕೂತು ತಂತಿ ಜೋಡಿಸುತ್ತಿದ್ದವನು ಯಾರು? ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು, ಒಂದು ಭೋಂಗಾ ತಿರುವುಮುರುವಾದರೂ ಪಕ್ಕದ್ದರ ದನಿ ತಿನ್ನುತ್ತದೆ ಎಂದು ನಿನಗೆ ಕಲಿಸಿದವನು ಯಾರು? ಎಲೆಕ್ಷನ್ ಜೀಪುಗಳಿಗೆ ಈ ವಾರ ಹದಿನೆಂಟು ಭೋಂಗಾ ಕಟ್ಟಿದ್ದೇನೆ, ಮೂರೂ ಪಾರ್ಟಿಯವರಿಗೆ. ಒಬ್ಬನೂ ಬಂದು ದನಿ ಸರಿಯಿಲ್ಲ ಎಂದಿಲ್ಲ. ನಾನು ಬಿ.ಎಸ್‌ಸಿ. ಎರಡನೇ ವರ್ಷದ ತನಕ ಓದಿದವನು. ನಿನ್ನದು ಉರ್ದು ಶಾಲೆಯ ಏಳನೇ ಇಯತ್ತೆ. ಇದನ್ನು ಬರೆಯಬಾರದಿತ್ತು. ಬರೆದಾಯಿತು, ಹೊಡೆದುಹಾಕುವುದಿಲ್ಲ.

ನಿನ್ನ ಕದ ಪರದೆಯ ಉಪಮೆ ಚೆನ್ನಾಗಿದೆ. ಆದರೆ ಕದ ಹಾಕಿದ ಮನೆಯೊಳಗೆ ನನ್ನ ಹೆಂಡತಿ ಉಳಿದುಬಿಟ್ಟಳಲ್ಲ, ಅದಕ್ಕೇನು ಹೇಳುತ್ತೀ?

ನೀನು ಕೇಳದಿದ್ದರೂ ಹೇಳುತ್ತೇನೆ. ಮಲಗಿದ ಮೇಲೆ ಕೊನೆಯ ತಿಂಗಳಲ್ಲಿಯೂ ಅವಳಿಗೆ ಆ ಪೆಟ್ಟಿಗೆಯದೇ ಧ್ಯಾನ. ಗಂಜಿ ಕುಡಿಸುತ್ತಿದ್ದೆ. ಬಟ್ಟಲು ಸರಿಸಿ, "ಆ ಡಬ್ಬಿ ಒಮ್ಮೆ ಬಿಚ್ಚಿ ನೋಡ್ರಿ" ಎಂದಳು. ಅವಳಿಗೆ ಅಷ್ಟು ನೋವಾಗಿತ್ತು. ನಾನು ಅದರ ಹೆಸರು ಎತ್ತಬೇಡ, ಅದನ್ನು ಜನ್ಮದಲ್ಲಿ ಮುಟ್ಟುವುದಿಲ್ಲ ಎಂದು ಗದರಿದೆ. ಇನ್ನೊಂದು ಸಲವೂ ಅದನ್ನೇ ಹೇಳಿದಳು, ಹೆಚ್ಚುಕಮ್ಮಿ ಅದೇ ಮಾತು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದಳು. ಸಾಯುವವಳ ಬಾಯಲ್ಲೂ ನಿನ್ನ ಡಬ್ಬಿಯ ಮಾತು ಬಂತು ಎಂದರೆ ಆ ಗಾಯ ಎಷ್ಟು ಆಳ ಇದ್ದಿರಬೇಕು, ನೀನೇ ತಿಳಿದುಕೋ.

ಮಣ್ಣಿಗೆ ನೀನು ಬರಲಿಲ್ಲ. ಹನ್ನೊಂದು ವರ್ಷ ಅವಳ ಕೈಯ ರೊಟ್ಟಿ ತಿಂದವನು. ವೈನಿ, ವೈನಿ ಎಂದು ಒಲೆಯ ಮುಂದೆ ಕೂತು ಹಿಂಡಿಪಲ್ಯ ಕೇಳಿ ಹಾಕಿಸಿಕೊಂಡವನು. ಊರೆಲ್ಲ ಬಂದಿತ್ತು.

ಶಾಂತಲಿಂಗಪ್ಪ


ಅಫಜಲಪುರ
10 ಜನವರಿ 1985

ಶಾಂತಣ್ಣನವರಿಗೆ,

ಮಾದನಹಿಪ್ಪರಗಾದಲ್ಲಿ ಇಡೀ ಊರಿನ ಮುಂದೆ ನೀವು ನನಗೆ ಅಂದ ಮಾತು ಇಷ್ಟು: "ಇನ್ನ ನಿನ್ನ ಮಾರಿ ನನಗ ತೋರಿಸಬ್ಯಾಡ. ನಾ ಸತ್ತರೂ ಬರಬ್ಯಾಡ, ನನ್ನ ಮನ್ಯಾಗ ಯಾರು ಸತ್ತರೂ ಬರಬ್ಯಾಡ." ನಿಮ್ಮ ಮಾತನ್ನು ನಾನು ಯಾವತ್ತು ಮೀರಿದ್ದೇನೆ? ನಮ್ಮ ಮನೆಯವಳನ್ನು ಕಳಿಸಿದೆ. ಅವಳು ವಾಪಸು ಬರುವ ತನಕ ಇಲ್ಲಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತಿದ್ದೆ. ಆ ದಿನ ಅಂಗಡಿ ತೆರೆಯಲಿಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆದಿಲ್ಲ. ಕಂಬದ ಮೇಲಿನ ಭೋಂಗಾಗಳಿಗೆ ಕೆಂಪಿಗೆ ಕೆಂಪು ಸರಿ. ನಾನು ಕೇಳಿದ್ದು ಪೆಟ್ಟಿಗೆಯೊಳಗಿನದು. ವೈನಿ ಬಿಚ್ಚಿ ನೋಡು ಎಂದಿದ್ದರೆ ಬಿಚ್ಚಿ ನೋಡಿರಿ. ಡಬ್ಬಿಯನ್ನು ಎಸೆಯುವ ಮೊದಲು ಒಮ್ಮೆ ನೋಡಿರಿ, ಆಮೇಲೆ ಎಸೆಯಿರಿ. ನನ್ನ ಪಾಲು ಬಿಟ್ಟಿದ್ದೇನೆ ಎಂದು ತಿಳಿಯಿರಿ.

ಗೌಸಮೊಹಿದ್ದೀನ


ಆಳಂದ
2 ಫೆಬ್ರುವರಿ 1985

ಗೌಸ್,

ಪಾಲು ಬಿಡುವ ದೊಡ್ಡಸ್ತಿಕೆ ನನ್ನ ಮುಂದೆ ಬೇಡ. ಒಂದು ಪೆಟ್ಟಿಗೆಯ ಕಟ್ಟಿಗೆ ನಿನ್ನದು, ಸಾಗವಾನಿ, ನಿನ್ನಪ್ಪನ ಮಂಚ ಒಡೆದದ್ದು. ಅದನ್ನು ಹೇಗೆ ಬಿಡುತ್ತೀ?

ಮಲ್ಕಮ್ಮ ಬಂದಿದ್ದಳು. ಸಿಂಪಲ್ ಹಾಕಿದರೆ ಹೀಗೆ, ಕಾಂಪ್ಲೆಕ್ಸ್ ಹಾಕಿದರೆ ಹಾಗೆ ಎಂದು ಅವಳಿಗೆ ಗಂಟೆಗಟ್ಟಲೆ ಬಿಡಿಸಿ ಹೇಳಿದೆ. ಶೇಂಗಾ ಸುಲಿಯುತ್ತ ಕೇಳಿದಳು. ಕೊನೆಗೆ, "ಒಂದರೇ ಹಾಕ್ರಿ, ಹತ್ತರೇ ಹಾಕ್ರಿ, ಅದು ನಿಮ್ಮಿಬ್ಬರ ಆಟ. ಗೌಸಣ್ಣ ಮುಂದ ಕುಂತು ಕೇಳಬೇಕು, ಇಲ್ಲಾಂದ್ರ ನಾ ಹಾಡಂಗಿಲ್ಲ" ಎಂದು ಸಿಪ್ಪೆ ಕೊಡವಿ ಎದ್ದಳು. ಇದರಲ್ಲಿ ನನ್ನ ಕೈವಾಡ ಏನೂ ಇಲ್ಲ. ಅವಳು ಹೇಳಿದ್ದನ್ನು ಬರೆದಿದ್ದೇನೆ.

ನಾನು ನಿನ್ನನ್ನು ಕರೆಯುತ್ತಿಲ್ಲ.

ಶಾಂತಲಿಂಗಪ್ಪ


ಆಳಂದ
17 ಮಾರ್ಚ್ 1985

ಗೌಸ್,

ಇವತ್ತು ಊಟ ಮಾಡಿದ ಮೇಲೆ ತಾಡಪತ್ರಿ ಎತ್ತಿದೆ. ನಿನ್ನ ಡಬ್ಬಿ ಕಿತ್ತು ಒಂದೇ ಕೆಪಾಸಿಟರ್ ಹಾಕುವುದು ಎಂದು ಕುಕ್ಕರುಗಾಲಲ್ಲಿ ಕೂತೆ. ಇಲಿಗಳು ಒಂದು ಮೂಲೆಯ ಬಟ್ಟೆ ಕಡಿದಿವೆ, ಬಾಕಿ ಎಲ್ಲ ಇದ್ದ ಹಾಗೇ ಇದೆ. ಹಿಂದಿನ ಹಲಗೆಯ ಹದಿನಾರು ಸ್ಕ್ರೂ ತೆಗೆದೆ. ಒಳಗೆ ಹಲಗೆಗೆ ಅಂಟಿಸಿದ ನಿನ್ನ ಚಿತ್ರ ಸಿಕ್ಕಿತು. ನಾನೇ ಅಂಟಿಸಿದ್ದೆ, ರಿಪೇರಿಗೆ ಬೇಕಾಗುತ್ತದೆ ಎಂದು.

ಚಿತ್ರದಲ್ಲಿ ಕೆಳಗಿನ ಸ್ಪೀಕರಿಗೆ ಕೆಂಪು ಗೆರೆ ಕೆಂಪಿಗೆ ಹೋಗಿದೆ. ಭೋಂಗಾದ ಹತ್ತಿರ ಕೆಂಪು ಗೆರೆ ಕಪ್ಪಿಗೆ ಹೋಗಿದೆ, ಕಪ್ಪು ಕೆಂಪಿಗೆ. ಅದರ ಮೇಲೆ ಅಡ್ಡ ಎರಡು ಗೀಟು. ಗೀಟು ಎಳೆದ ಪೆನ್ಸಿಲ್ ನನ್ನದು. ಪಕ್ಕದಲ್ಲಿ ನನ್ನ ಅಕ್ಷರದಲ್ಲಿ "ಕರೆಕ್ಟೆಡ್" ಎಂದು ಇಂಗ್ಲಿಷಿನಲ್ಲಿ ಬರೆದು ಸಹಿ ಮಾಡಿದ್ದೇನೆ. ತಾರೀಖು ಕೂಡ ಹಾಕಿದ್ದೇನೆ. ಮಾಡಿದ ಮೂರ್ಖತನಕ್ಕೆ ತಾರೀಖು ಹಾಕಿಡುವವರು ಎಷ್ಟು ಜನ ಇದ್ದಾರು.

ಮೊದಲು ನನಗೆ ನಿನ್ನ ಮೇಲೇ ಸಿಟ್ಟು ಬಂತು, ಸುಳ್ಳು ಹೇಳುವುದಿಲ್ಲ. ತಿರುವಿ ಹಾಕಿರಿ ಎಂದು ಬಾಯಿಬಿಟ್ಟು ಹೇಳಬಾರದಿತ್ತೇ ಎಂದು. ನೀನು ಚಿತ್ರದಲ್ಲಿ ಬರೆದೇ ಇದ್ದೆ. ನಾನು ಅದನ್ನು ನಿನ್ನ ಅಕ್ಷರ ತಿದ್ದಿದ ಹಾಗೆ ತಿದ್ದಿದೆ.

ಆಮೇಲೆ ಕಾಲೇಜಿನ ಪಾಠ ನೆನಪಾಯಿತು. ಸಿಂಪಲ್‌ನ ಪಾಠ ಅಲ್ಲ, ಅದರ ಮುಂದಿನ ವಾರದ್ದು. "ಟೂ ವೇವ್ಸ್, ಈಕ್ವಲ್ ಅಂಡ್ ಅಪೋಸಿಟ್, ಪ್ರೊಡ್ಯೂಸ್ ಸೈಲೆನ್ಸ್." ಸಮನಾದ ಎರಡು ಅಲೆ ಒಂದಕ್ಕೊಂದು ತಿರುವುಮುರುವಾದರೆ ಅಲ್ಲಿ ದನಿಯೇ ಇರುವುದಿಲ್ಲ. ಪರೀಕ್ಷೆಯಲ್ಲಿ ಇದಕ್ಕೆ ನನಗೆ ಹತ್ತಕ್ಕೆ ಎಂಟು ಬಂದಿತ್ತು. ನಿನ್ನ ಸುರುಳಿ, ಕೆಪಾಸಿಟರುಗಳನ್ನು ದಾಟಿ ಬರುವಾಗ ಎರಡು ಪಾಲಿನ ದನಿ ಒಂದಕ್ಕೊಂದು ಬೆನ್ನು ಮಾಡಿಕೊಂಡು ನಿಲ್ಲುತ್ತವೆ. ಅವು ಕೂಡುವ ಜಾಗದಲ್ಲಿ ತಳ್ಳಾಡಿ ಇಬ್ಬರೂ ಇಲ್ಲವಾಗುತ್ತಾರೆ. ಭೋಂಗಾದ ತಂತಿ ತಿರುವಿದರೆ ಮುಖಾಮುಖಿ ಆಗಿ ಕೂಡುತ್ತವೆ. ನೀನು ಪಾಠ ಓದದೆ ಇದನ್ನು ಪರದೆಯ ಹಿಂದೆ ನೋಡಿ ತಿಳಿದೆ. ನಾನು ಪಾಠ ಓದಿ ಕೆಂಪಿಗೆ ಕೆಂಪು ಕಟ್ಟಿದೆ. ಸ್ವಾಮಿಗಳ ದಪ್ಪ ದನಿ ಬಹುಪಾಲು ಕೆಳಗಿನ ಸ್ಪೀಕರಿನಲ್ಲೇ ಉಳಿಯಿತು, ಅದಕ್ಕೇನೂ ಆಗಲಿಲ್ಲ. ನಾನು ಟೆಸ್ಟಿಂಗ್ ಮಾಡಿದ್ದೂ ನನ್ನ ಗೊಗ್ಗರು ದನಿಯಲ್ಲೇ. ಗುರಮ್ಮನ ದನಿಯ ನಡು ಬಂದು ನಿಂತದ್ದು ಸರಿಯಾಗಿ ಆ ತೂತಿನಲ್ಲಿ.

ಇಷ್ಟಾದರೆ ತಪ್ಪು ಎನ್ನಬಹುದಿತ್ತು. ಇನ್ನೂ ಇದೆ.

ನಾನು ಜೋಡಿಸಿದ ಮಧ್ಯಾಹ್ನ ಗಾಳಿಗೆ ಚಿತ್ರ ಹಾರುತ್ತದೆ ಎಂದು ಗುರಮ್ಮ ಅದರ ಎರಡು ಅಂಚನ್ನು ಒತ್ತಿ ಹಿಡಿದುಕೊಂಡು ನನ್ನ ಎದುರಿಗೆ ಕೂತಿದ್ದಳು. ಕೈಗೆ ಹಿಟ್ಟು ಮೆತ್ತಿತ್ತು, ಕಾಗದದ ಅಂಚಿನಲ್ಲಿ ಅದರ ಗುರುತು ಇವತ್ತಿಗೂ ಇದೆ. "ಇಲ್ಲಿ ಕೆಂಪು ಕಪ್ಪಿಗೆ ಹೋಗೇದಲ್ರಿ" ಎಂದಳು. ಗೌಸನ ಕೈ ತಪ್ಪಿದೆ ಎಂದೆ. "ಗೌಸಣ್ಣ ನಾಡದು ಬರ್ತಾನ, ಒಂದು ಮಾತು ಕೇಳಿ ಮಾಡ್ರಿ. ಹಾಡಾಕಿ ನಾ ಇದ್ದೇನಿ" ಎಂದಳು. ಇದಕ್ಕೇನು ಕೇಳುವುದು ಎಂದು ನಾನು ನಕ್ಕೆ. ನಕ್ಕೆ, ಗೌಸ್.

ಆದ್ದರಿಂದ ಅವಳಿಗೆ ಗೊತ್ತಿತ್ತು. ವೇದಿಕೆಯಿಂದ ಇಳಿಯುವಾಗಲೇ ಗೊತ್ತಿತ್ತು. ನಾನು ನಿನ್ನ ಕೊರಳಪಟ್ಟಿ ಹಿಡಿದಾಗ ಅವಳು ಹಿಂದಿನಿಂದ ನನ್ನ ಅಂಗಿ ಜಗ್ಗಿದ್ದು ಜನ ನೋಡುತ್ತಾರೆ ಎಂದಲ್ಲ. ನಾನು ಕೊಡವಿಕೊಂಡೆ. ಬಸ್ಸಿನಲ್ಲಿ, "ಅವನಿಗೆ ಹಂಗ ಅನ್ನಬಾರದಿತ್ತು" ಎಂದಷ್ಟೇ ಹೇಳಿದಳು. ಆಮೇಲೆ ಎಂಟು ತಿಂಗಳು ನನ್ನ ಎದುರಿಗೆ ಕೂತು ರೊಟ್ಟಿ ತಟ್ಟಿದಳು, ನಾನು ದಿನವೂ ನಿನ್ನನ್ನು ಬೈದೆ, ಅವಳು ಕೇಳಿದಳು. ತಪ್ಪು ನಿಮ್ಮದು ಎಂದು ಒಂದು ಸಲವೂ ಅನ್ನಲಿಲ್ಲ. ಡಬ್ಬಿ ಬಿಚ್ಚಿ ನೋಡಿರಿ ಎಂದಳು. ನಾನೇ ಕಾಣಲಿ ಎಂದು. ಎರಡು ಸಲ. ಆ ಮಾತನ್ನೇ ನಾನು ನಿನ್ನ ವಿರುದ್ಧ ಸಾಕ್ಷಿ ಮಾಡಿ ಬರೆದೆ. ಆ ಪತ್ರ ಇದ್ದರೆ ಸುಡು. ಬೇಡ, ಇರಲಿ, ಸುಡಬೇಡ.

ಅವಳ ಮೇಲೂ ನನಗೆ ಸಿಟ್ಟಿದೆ. ಒಬ್ಬ ಗಂಡನ ಮಾನವನ್ನು ಇಷ್ಟು ಕಾಯಬಾರದು. ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರೆ ಎರಡು ದಿನ ಊಟ ಬಿಡುತ್ತಿದ್ದೆ, ಮೂರನೇ ದಿನ ಅಫಜಲಪುರದ ಬಸ್ಸು ಹತ್ತುತ್ತಿದ್ದೆ. ತಂತಿ ತಿರುವಿದ್ದರೆ ಅವಳು ಹಾಡುತ್ತಿದ್ದಳು, ಎಂಟು ತಿಂಗಳು ಹಾಡಬಹುದಿತ್ತು. ನಿನ್ನ ಮೇಲೆ ಸಿಟ್ಟು ಇಲ್ಲದಿಲ್ಲ. ಮಾರಿ ತೋರಿಸಬೇಡ ಎಂದರೆ ನಿಜವಾಗಿಯೂ ತೋರಿಸದೆ ಇದ್ದುಬಿಡುವುದೇ? ಬಂದು ನನ್ನ ಕಪಾಳಕ್ಕೆ ಒಂದು ಬಿಡಬಾರದಿತ್ತೇ? ಹೇಳಿದ ಮಾತು ಕೇಳುವವರನ್ನೇ ಸುತ್ತ ಇಟ್ಟುಕೊಂಡು ನಾನು ಹೀಗೆ ಆದೆ.

ಕರೆಂಟು ಮೂರು ಗಂಟೆಗೇ ಹೋಯಿತು. ಬೆಸುಗೆ ಕಡ್ಡಿಯನ್ನು ಇದ್ದಿಲ ಒಲೆಯಲ್ಲಿ ಕಾಯಿಸಿ ಮೊದಲನೇ ಪೆಟ್ಟಿಗೆಯ ಬೆಸುಗೆ ಬಿಡಿಸಿದೆ. ನಿನ್ನ ಡಬ್ಬಿ ಎಸೆಯಲಿಲ್ಲ. ಕೆಂಪು ಕಪ್ಪಿಗೆ, ಕಪ್ಪು ಕೆಂಪಿಗೆ. ಕೈ ಒಪ್ಪಲಿಲ್ಲ, ಇಪ್ಪತ್ತು ವರ್ಷದ ರೂಢಿ. ಬ್ಯಾಟರಿ ಆಂಪ್ಲಿಫಯರಿಗೆ ರೇಡಿಯೋ ಹಚ್ಚಿದೆ. ಯಾರೋ ಹೆಣ್ಣುಮಗಳು ಹಾಡುತ್ತಿದ್ದಳು, ಯಾರೆಂದು ಗೊತ್ತಿಲ್ಲ, ಗುರಮ್ಮನಷ್ಟು ಚೆಂದವೂ ಇಲ್ಲ. ಮೊದಲು ತಿದ್ದದ ಪೆಟ್ಟಿಗೆಯಲ್ಲಿ ಕೇಳಿದೆ. ಅದೇ ಬಾವಿ. ತಂತಿ ಬದಲಿಸಿ ತಿದ್ದಿದ ಪೆಟ್ಟಿಗೆಗೆ ಹಚ್ಚಿದೆ. ಆ ಹೆಣ್ಣುಮಗಳು ಬಾವಿಯಿಂದ ಮೇಲೆ ಬಂದು ಕೋಣೆಯ ನಡುವೆ ಕೂತಳು. ಉಸಿರು ತೆಗೆದುಕೊಳ್ಳುವುದೂ ಕೇಳಿತು. ನಾನು ಆಫ್ ಮಾಡಿಬಿಟ್ಟೆ. ಪೂರ್ತಿ ಕೇಳಲಿಕ್ಕೆ ಆಗಲಿಲ್ಲ.

ನಿನ್ನದೇ ಸರಿ ಎಂದು ಬರೆಯಲೇ? ಬರೆಯುತ್ತೇನೆ. ನಿನ್ನದೇ ಸರಿ. ಆದರೆ ನನ್ನದೂ ಒಂದು ಮಾತು ಇಟ್ಟುಕೋ. ಒಂದೇ ಕೆಪಾಸಿಟರಿನಲ್ಲಿ ನನ್ನಂಥವನಿಗೂ ಇಂಥ ತಪ್ಪು ಮಾಡಲು ಜಾಗ ಇರುವುದಿಲ್ಲ. ಸರಳವಾದದ್ದರ ದೊಡ್ಡ ಗುಣ ಅದು. ನಿನ್ನ ಡಬ್ಬಿ ಒಬ್ಬರು ಇನ್ನೊಬ್ಬರನ್ನು ಕೇಳಿ ಮಾಡುವ ಕೆಲಸ. ನಾನು ಕೇಳಿ ಕಲಿತವನಲ್ಲ.

ಮೇ ಹನ್ನೆರಡು, ಭಾನುವಾರ, ಜೇವರ್ಗಿ. ಇದು ಮಲ್ಕಮ್ಮ ಕರೆದದ್ದಲ್ಲ, ನಾನು ಕರೆಯುತ್ತಿರುವುದು. ನೀನು ಬಂದರೆ ಮಾದನಹಿಪ್ಪರಗಾದಿಂದಲೂ ಕೆಲವರನ್ನು ಕರೆಸುತ್ತೇನೆ. ಅವತ್ತು ನಕ್ಕವರನ್ನು. ಅವರ ಮುಂದೆ ನಿನ್ನ ಚಿತ್ರದ ಕಾಗದವನ್ನು ನನ್ನ ಸಹಿಯ ಸಮೇತ ಎತ್ತಿ ತೋರಿಸುತ್ತೇನೆ. ನೀನು ಬೇಡ ಎನ್ನುತ್ತೀ ಎಂದು ಗೊತ್ತು, ಆ ಒಂದು ಮಾತನ್ನು ನಾನು ಕೇಳುವುದಿಲ್ಲ.

ಎರಡನೇ ಪೆಟ್ಟಿಗೆಯ ಬೆಸುಗೆಯನ್ನೂ ಬಿಡಿಸಿ, ತಂತಿ ಎರಡನ್ನೂ ಎಡಗೈಯಲ್ಲಿ ಹಿಡಿದುಕೊಂಡು, ಬೆಸುಗೆ ಕಡ್ಡಿ ಕಾಯುವ ತನಕ ಎಂದು ಇದನ್ನು ಬರೆಯಲು ಕೂತೆ. ಬರೆಯುತ್ತ ಹೊತ್ತು ಹೋದದ್ದು ತಿಳಿಯಲಿಲ್ಲ. ಕಿಟಕಿಯ ಬೆಳಕು ಕಾಗದದ ಮೇಲಿಂದ ಇಳಿದು ನೆಲಕ್ಕೆ ಹೋಗಿದೆ, ನೆಲದಿಂದಲೂ ಹೋಗುತ್ತಿದೆ. ಕೈಯಲ್ಲಿರುವ ತಂತಿಗಳಲ್ಲಿ ಕೆಂಪು ಯಾವುದು, ಕಪ್ಪು ಯಾವುದು ನನಗೆ ಕಾಣುತ್ತಿಲ್ಲ. ಅಂದಾಜಿನ ಮೇಲೆ ಕಟ್ಟುವುದಿಲ್ಲ. ಇದನ್ನು ನೀನು ಬಂದು ಕಟ್ಟು.

ಶಾಂತಲಿಂಗಪ್ಪ